ಕರಿ ದಾಟಿದ ಬಾರಿಹಣ್ಣು

ಸಂಕ್ರಾಂತಿಯ ಮರುದಿನಕ್ಕೆ ನಮ್ಮ ಕಡೆ ಕರಿ ಎನ್ನುತ್ತಾರೆ. ಅಂದು ಸಂಜೆ ಚಿಕ್ಕ ಮಕ್ಕಳಿಗೆ ಹೊಸ ಅಂಗಿ ತೊಡಿಸಿ, ಮಣೆಯ ಮೇಲೆ ಕೂರಿಸಿ, ಬಾರಿಹಣ್ಣು, ಕಬ್ಬಿನ ತುಂಡು, ಶೇಂಗಾ, ಚುರುಮುರಿ ಬೆರೆಸಿ ತಲೆಯ ಮೇಲಿಂದ ಸುರಿಯುತ್ತಾರೆ. ಇದಕ್ಕೆ ಕರಿ ಎರೆಯುವುದು ಎಂದು ಹೆಸರು. ಓಣಿಯ ಮಕ್ಕಳೆಲ್ಲ ಸುತ್ತ ಕಾದು ನಿಂತು, ಉರುಳಿದ್ದನ್ನು ಆರಿಸಿಕೊಳ್ಳಲು ಮುಗಿಬೀಳುತ್ತಾರೆ. ಮುಂದಿನ ವರ್ಷವಿಡೀ ಮಗುವಿಗೆ ಜಡ್ಡು ಬರದಿರಲಿ ಎಂಬುದು ಇದರ ಉದ್ದೇಶ. ಕಬ್ಬು ಸಿಗದಿದ್ದರೆ ನಡೆಯುತ್ತದೆ. ಬಾರಿಹಣ್ಣು ಇಲ್ಲದೆ ಕರಿ ಎರೆಯುವುದಿಲ್ಲ.

ಬೇರೆ ಕಡೆ ಎಲಚಿ, ಬೋರೆ ಎಂದು ಕರೆಯುವ ಹಣ್ಣೇ ಇದು. ಎರೆಹೊಲದ ಒಡ್ಡಿನ ಮೇಲೆ ಯಾರೂ ನೀರು ಹಾಕದೆ ಬೆಳೆಯುವ ಮುಳ್ಳಿನ ಗಿಡ. ವಿಜಾಪುರದ ಪೇಟೆಯಲ್ಲಿ ಆಗ ಇದಕ್ಕೆ ಬೇಡಿಕೆ ಇದ್ದದ್ದು ವರ್ಷಕ್ಕೆ ಒಂದೇ ವಾರ, ಸಂಕ್ರಾಂತಿಯ ವಾರ. ಕರಿ ಮುಗಿದ ಮೇಲೆ ಕೇಳುವವರಿರಲಿಲ್ಲ. "ಇನ್ನ ಹುಳಾ ಬೀಳತಾವ್ರಿ" ಎಂದು ಮಾರುವವರೇ ಬುಟ್ಟಿ ಮಗುಚಿಡುತ್ತಿದ್ದರು. ಆದ್ದರಿಂದ ಬೆಳೆಯುವವರೂ ಕರಿಯ ಹೊತ್ತಿಗೆ ಗಿಡದಲ್ಲಿ ಒಂದು ಕಾಯಿಯನ್ನೂ ಉಳಿಸುತ್ತಿರಲಿಲ್ಲ. ಹಣ್ಣಾದದ್ದು, ಆಗದ್ದು ಎಲ್ಲವನ್ನೂ ಬಡಿದು ಇಳಿಸುತ್ತಿದ್ದರು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ವಿಜಾಪುರದ ಒಂದು ವಾರಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ರಜೆ ಸಿಕ್ಕಾಗ ಅಲ್ಲಿಗೆ ಹೋಗುತ್ತಿದ್ದೆ. ಅವರ ಹೊಲ ಕಳ್ಳಕವಟಗಿಯ ದಾರಿಯಲ್ಲಿತ್ತು. ಅಕ್ಕನ ಮಾವ ಪ್ರಾಯದಲ್ಲಿ ಒಡ್ಡುಗಳ ಉದ್ದಕ್ಕೂ ಒಳ್ಳೆಯ ಜಾತಿಯ ಬಾರಿ ಗಿಡಗಳನ್ನು ಸಾಲಾಗಿ ಕಸಿ ಮಾಡಿಸಿ ಬೆಳೆಸಿದ್ದರು. ಜೋಳ, ಕುಸುಬಿ ಊರಿನವರೆಲ್ಲರ ಹೊಲದಲ್ಲೂ ಇತ್ತು. ಬಾರಿಯ ಸಾಲು ಇದ್ದದ್ದು ಅವರ ಹೊಲದಲ್ಲಿ ಮಾತ್ರ. ಆ ಸಾಲುಗಳ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಅದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಯಾರಾದರೂ ಬಂದರೆ ಮಾತ್ರ ಮನೆಗಿಂತ ಮೊದಲು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಬಾವಿಯ ಹತ್ತಿರ ಇನ್ನೊಂದು ಗಿಡವಿತ್ತು. ಯಾರೂ ನೆಟ್ಟದ್ದಲ್ಲ. ತಾನೇ ಹುಟ್ಟಿ, ಯಾರ ಕೊಡಲಿಗೂ ಸಿಗದೆ ಕೊಡೆಯ ಹಾಗೆ ಹರಡಿಕೊಂಡಿತ್ತು. ಅದರ ಕಾಯಿ ಕರಿಯ ಹೊತ್ತಿಗೂ ಹಸಿರಾಗಿಯೇ ಇರುತ್ತಿತ್ತು. ಬಾಯಿಗೆ ಹಾಕಿದರೆ ನಾಲಿಗೆ ಹಿಡಿದುಕೊಳ್ಳುತ್ತಿತ್ತು. ಮನೆಯವರು ಅದನ್ನು ಒಗರು ಗಿಡ ಎಂದು ಕರೆಯುತ್ತಿದ್ದರು. ಸಾಲುಗಿಡದ ಹಣ್ಣು ಪೇಟೆಗೆ ಹೋಗುತ್ತಿತ್ತು. ಒಗರು ಗಿಡದ್ದು ಕರಿ ಎರೆಯಲು. ಮಗುವಿನ ತಲೆಯ ಮೇಲೆ ಸುರಿಯುವುದಕ್ಕೆ ರುಚಿ ಯಾಕೆ ಬೇಕು? ಸಂಕ್ರಾಂತಿಯ ದಿನ ಓಣಿಯ ಹೆಂಗಸರು ಬಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಯಾರೂ ಅವರನ್ನು ತಡೆಯುತ್ತಿರಲಿಲ್ಲ.

ಅಕ್ಕ ಹೊಲದ ಕೆಲಸಕ್ಕೆ ಬಂದಾಗ ಆ ಗಿಡದ ದಪ್ಪ ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಮಗಳನ್ನು ಮಲಗಿಸುತ್ತಿದ್ದಳು. ಟೊಂಗೆಯ ಆ ಭಾಗದಲ್ಲಿ ಹಗ್ಗ ಉಜ್ಜಿ ತೊಗಟೆ ನುಣುಪಾಗಿತ್ತು. ಮಗಳು ಎರಡನೆಯ ಕರಿಯನ್ನು ನೋಡಿದಳು. ಆ ವರ್ಷದ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ಊರಲ್ಲಿ ಆ ಮಳೆಗಾಲ ಬೇರೆ ಮಕ್ಕಳಿಗೂ ಜ್ವರ ಬಂದಿತ್ತು, ಉಳಿದವರು ಗುಣವಾದರು. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿ ಇಲ್ಲ.

ಸಣ್ಣ ಮಗು ತೀರಿಕೊಂಡರೆ ವರ್ಷವಿಡೀ ಹಬ್ಬ ಬಿಡುವ ರೂಢಿ ನಮ್ಮಲ್ಲಿರಲಿಲ್ಲ. ಅಕ್ಕ ಬಿಟ್ಟಳು. ಯಾರಿಗೂ ಹೇಳಲಿಲ್ಲ, ಕೇಳಲೂ ಇಲ್ಲ. ದಸರೆಗೆ ಬನ್ನಿ ತಂದುಕೊಟ್ಟವರ ಕೈಯಿಂದ ತೆಗೆದುಕೊಂಡು ಕಿಟಕಿಯಲ್ಲಿ ಇಟ್ಟಳು, ತಾನು ಯಾರಿಗೂ ಕೊಡಲಿಲ್ಲ. ದೀಪಾವಳಿಗೆ ಅಂಗಳ ಸಾರಿಸಿದಳು, ದೀಪ ಹಚ್ಚಲಿಲ್ಲ.

ಅದೇ ಚಳಿಗಾಲ ಸಾಲುಗಿಡಗಳಿಗೆ ಬೂದಿರೋಗ ಬಂತು. ಹಿಂದಿನ ವರ್ಷವೂ ಅಲ್ಲಲ್ಲಿ ಕಂಡಿತ್ತು; ಈಗ ಸಾಲಿಗೆ ಸಾಲೇ ಹಿಡಿಯಿತು. ಹೂವಿನ ಮೇಲೆ, ಕಡಲೆ ಗಾತ್ರದ ಕಾಯಿಯ ಮೇಲೆ ಬಿಳಿ ಪುಡಿ ಕೂರುತ್ತದೆ. ಒರೆಸಿದರೆ ಬೆರಳಿಗೆ ಹತ್ತುತ್ತದೆ. ಆಮೇಲೆ ಕಾಯಿಯ ಸಿಪ್ಪೆ ಕಂದಿ, ಒರಟಾಗಿ, ಸೀಳಿ ಉದುರುತ್ತದೆ. ಅಕ್ಕನ ಮಾವ ತೆಳು ಬಟ್ಟೆಯಲ್ಲಿ ಗಂಧಕದ ಪುಡಿ ಕಟ್ಟಿ ಗಿಡಗಿಡಕ್ಕೂ ಜಾಡಿಸಿದರು. ಅವರ ಕಣ್ಣು ಉರಿಯಿತು, ಧೋತರ ಹಳದಿಯಾಯಿತು, ಕಾಯಿ ಉದುರುವುದು ನಿಲ್ಲಲಿಲ್ಲ. ನಾನು ಹೋದಾಗ ಅವರು ಒಂದು ಗಿಡದ ಕೆಳಗೆ ಕುಳಿತು ಬಿದ್ದ ಕಾಯಿಗಳನ್ನು ಮಗುಚಿ ನೋಡುತ್ತಿದ್ದರು.

"ಈ ಸಲ ಪ್ಯಾಟಿಗೆ ಏನೂ ಇಲ್ಲಪಾ" ಎಂದರು. "ಮಳಿಗಾಲದಾಗ ಇವನ್ನೆಲ್ಲಾ ಕಿತ್ತ ಒಗದು ಜ್ವಾಳಾ ಬಿತ್ತಾವ್ರು ನಾವು."

ಮಾತಿನಲ್ಲಿ ಸಿಟ್ಟು ಇರಲಿಲ್ಲ. ತೀರ್ಮಾನ ಆಗಿಹೋಗಿದೆ ಎಂಬಂತೆ ಹೇಳಿದರು.

ಸಂಕ್ರಾಂತಿ ಬಂದಾಗ ಊರಲ್ಲಿ ಬಾರಿಹಣ್ಣು ಸಿಗುವುದು ಕಷ್ಟವಾಯಿತು. ಹೆಂಗಸರು ಎಂದಿನಂತೆ ಒಗರು ಗಿಡಕ್ಕೆ ಬಂದರು. ಅಕ್ಕ ಗಿಡದ ಕೆಳಗೆ ನಿಂತಿದ್ದಳು. ನಾನು ಬಾವಿಯ ದಂಡೆಯಲ್ಲಿದ್ದೆ.

"ಬಾಜೂ ಸರಿ ಬೇ, ನಾಕ ಕಾಯಿ ಬಡಕೊಂಡು ಹೋಗತೇವಿ" ಎಂದಳು ಪಕ್ಕದ ಮನೆಯವಳು. ಅವಳ ಕೈಯಲ್ಲಿ ಗಳ ಇತ್ತು.

"ಈ ವರ್ಷ ಬ್ಯಾಡ. ಈ ಗಿಡಕ್ಕ ಯಾರೂ ಕೈ ಹಚ್ಚಬ್ಯಾಡ್ರಿ."

"ನಿನ್ನ ಮನಿಗೆ ಹಬ್ಬ ಇಲ್ಲ, ಖರೆ. ನಮ್ಮ ಮನ್ಯಾಗ ಕೂಸ ಅದಾವಲ್ಲ?"

"ಅದಾವ ಅಂತನ ಹೇಳಾಕತ್ತೇನಿ."

"ನಿನ್ನ ದುಃಖಾ ನಮ್ಮ ಮಕ್ಕಳ ಪಾಲಿಗೆ ಯಾಕ ಅಡ್ಡ ಹಾಕ್ತೀ?"

ಅಕ್ಕ ಪಕ್ಕಕ್ಕೆ ಸರಿಯಲಿಲ್ಲ. ಪಕ್ಕದ ಮನೆಯವಳು ಗಳವನ್ನು ನೆಲದ ಮೇಲೆ ಎಳೆದುಕೊಂಡು ಹೊರಟುಹೋದಳು. ಉಳಿದವರು ಹಿಂದೆ ಹೋದರು. ಆ ವರ್ಷ ಅವರೆಲ್ಲ ಬೇರೆ ಊರಿನಿಂದ ಹಣ್ಣು ತರಿಸಿ ಕರಿ ಎರೆದರು. ಮುಂದೆ ಬಹಳ ತಿಂಗಳು ಪಕ್ಕದ ಮನೆಯವಳು ಅಕ್ಕನ ಜೊತೆ ಮಾತಾಡಲಿಲ್ಲ.

ಹೀಗೆ ಆ ಗಿಡ ಹುಟ್ಟಿದಾಗಿನಿಂದ ಮೊದಲ ಸಲ ಕಾಯಿ ಹೊತ್ತುಕೊಂಡೇ ಕರಿಯನ್ನು ದಾಟಿತು.

ಶಿವರಾತ್ರಿಯ ದಿನ ನಾನು ತಿಕೋಟಾದಲ್ಲಿದ್ದೆ. ಅಕ್ಕನ ಮಾವ ಉಪವಾಸ ಇದ್ದರು. ಮಧ್ಯಾಹ್ನ ನಾವಿಬ್ಬರೂ ಹೊಲಕ್ಕೆ ಹೋದೆವು. ಸಾಲುಗಿಡಗಳು ಬೋಳಾಗಿ ನಿಂತಿದ್ದವು. ಬಾವಿಯ ಹತ್ತಿರ ಬರುತ್ತಿದ್ದಂತೆ ಅವರು ನಿಂತುಬಿಟ್ಟರು. ಒಗರು ಗಿಡದ ಟೊಂಗೆಗಳು ಭಾರಕ್ಕೆ ಬಾಗಿದ್ದವು. ಕಾಯಿಗಳು ಅರಿಸಿನದ ಬಣ್ಣಕ್ಕೆ ತಿರುಗಿ, ಕೆಲವು ಬೆಲ್ಲದ ಬಣ್ಣಕ್ಕೂ ಬಂದಿದ್ದವು. ಎಲೆಯ ಹಿಂದೆ ಮುಂದೆ ಬಿಳಿ ಪುಡಿಯ ಗುರುತೇ ಇರಲಿಲ್ಲ.

ಅವರು ಒಂದು ಹಣ್ಣು ಕಿತ್ತು ಧೋತರಕ್ಕೆ ಒರೆಸಿ ಕಚ್ಚಿದರು. ಕಚ್ಚುವಾಗ ಸಪ್ಪಳವಾಯಿತು. ಬೀಜ ಸಣ್ಣದು, ಒಳಗೆ ಹುಳವಿಲ್ಲ. ನನಗೂ ಒಂದು ಕೊಟ್ಟರು. ಮೊದಲು ಸಿಹಿ, ಕೊನೆಗೆ ಸ್ವಲ್ಪ ಹುಳಿ. ಒಗರು ಎಲ್ಲೂ ಇರಲಿಲ್ಲ.

"ಈ ಗಿಡಾ ನನ್ನ ಕಣ್ಣ ಮುಂದ ಬೆಳದದ್ದು" ಎಂದರು. ಆಮೇಲೆ ಗಿಡದ ಸುತ್ತ ಒಂದು ಸುತ್ತು ಬಂದು, "ಇದನ್ನ ಹಣ್ಣಾಗಾಕ ನಾವ ಬಿಟ್ಟಿಲ್ಲ ನೋಡು" ಎಂದರು.

ಆ ಗಿಡಕ್ಕೆ ಬೂದಿ ಯಾಕೆ ಹತ್ತಲಿಲ್ಲ ಎಂದು ನನಗೆ ಗೊತ್ತಿಲ್ಲ. ತಡವಾಗಿ ಹೂ ಬಿಡುವುದರಿಂದ ರೋಗದ ಹೊತ್ತು ತಪ್ಪುತ್ತದೆ ಎಂದು ಕೆಲವರು ಆಮೇಲೆ ಹೇಳಿದರು. ಎಲೆಯ ಗುಣ ಎಂದು ಕೆಲವರು. ರೋಗ ಹಿಡಿದ ಸಾಲುಗಳ ಪಕ್ಕದಲ್ಲೇ ನಿಂತಿದ್ದರೂ ಅದಕ್ಕೆ ಹತ್ತಲಿಲ್ಲ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಂದಿನ ವರ್ಷಗಳಲ್ಲೂ ಹತ್ತಲಿಲ್ಲ.

ಅಕ್ಕನ ಮಾವನಿಗೆ ಆಗ ದಾರಿ ಕಂಡಿತು. ಸಾಲುಗಿಡಗಳನ್ನು ಕೀಳಬೇಕಾಗಿಲ್ಲ, ಬುಡದ ಮೇಲೆ ಕಡಿದು, ಚಿಗುರಿಗೆ ಒಗರು ಗಿಡದ ಕಣ್ಣು, ಎಂದರೆ ಚಿಗುರೊಡೆಯುವ ಮೊಗ್ಗು, ಕೂರಿಸಿದರೆ ಸಾಲು ಉಳಿಯುತ್ತದೆ. ಬಬಲೇಶ್ವರದಿಂದ ಕಸಿ ಕಟ್ಟುವವನನ್ನು ಕರೆಸಿದರು. ಅವನು ಮಾತುಗಾರ. ಚಿಗುರಿನ ತೊಗಟೆಯನ್ನು ಕಣ್ಣಿನ ಸಮೇತ ಉಂಗುರದಂತೆ ಬಿಡಿಸಿ ಇನ್ನೊಂದು ಚಿಗುರಿಗೆ ಏರಿಸುವುದು ಅವನ ವಿದ್ಯೆ. ಅದಕ್ಕೆ ಅವನು ಬಳೆ ತೊಡಿಸುವುದು ಎನ್ನುತ್ತಿದ್ದ.

"ನಾನೂ ಬಳಿಗಾರನ ನೋಡ್ರಿ" ಎಂದು ನಕ್ಕ. "ಖರೇ ಬಳಿಗಾರಗ ಹೆಣ್ಣಮಕ್ಕಳು ಕೈಯರ ಕೊಡತಾರ. ನನಗ ಬರೇ ಮುಳ್ಳ ಚುಚ್ಚತಾವು."

ಅವನು ಗಿಡವನ್ನು ಸುತ್ತಿ ನೋಡಿ ವಿಷಯಕ್ಕೆ ಬಂದ. ಹಳೆಯ ಟೊಂಗೆಯ ಕಣ್ಣು ಕೂಡುವುದಿಲ್ಲ. ಬೇಸಿಗೆಯಲ್ಲಿ ತಾಯಿಗಿಡವಾದ ಈ ಒಗರು ಗಿಡವನ್ನೂ ಕಡಿಯಬೇಕು. ಟೊಂಗೆಗಳನ್ನೆಲ್ಲ ಮೋಟು ಮಾಡಿದರೆ ಹೊಸ ಚಿಗುರು ಬರುತ್ತದೆ, ಅದರ ಕಣ್ಣು ಮಳೆಗಾಲದ ಮೊದಲಿಗೆ ಕೂಡುತ್ತದೆ. ಯುಗಾದಿ ಕಳೆದ ಮೇಲೆ ತಡ ಮಾಡುವಂತಿಲ್ಲ.

ಅಕ್ಕ ಬೇಡ ಎಂದಳು.

ಅಕ್ಕನ ಮಾವ ಎರಡನೆಯ ಸಲ ಕೇಳಲಿಲ್ಲ. ಹೊಲ ಅವರದು, ಗಿಡ ಅವರದು. ಕೊಡಲಿ ಎತ್ತಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಅವರು ಎತ್ತಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಬಾವಿಯ ದಂಡೆಯಲ್ಲಿ ಕುಳಿತು ಬರುತ್ತಿದ್ದರು. ಹಬ್ಬ ಕಳೆಯಿತು, ಬಿಸಿಲು ಏರಿತು. ಕಸಿಯವ ಎರಡು ಸಲ ಹೇಳಿ ಕಳುಹಿಸಿದ. ಭಾವ ಒಂದು ದಿನ ವಿಜಾಪುರಕ್ಕೆ ಬಂದು ನಮ್ಮ ಕಚೇರಿಯ ಹೊರಗೆ ನಿಂತಿದ್ದ.

"ನೀ ಒಂದ ಮಾತ ಹೇಳಿ ನೋಡು. ನಾವು ಹೇಳಿದ್ರ ಬರೇ ಕೇಳತಾಳ, ಮಾತಾಡೂದಿಲ್ಲ" ಎಂದ. "ಆ ಸಾಲ ಹೋದ್ರ ಅಪ್ಪ ಹೊಲಕ್ಕ ಹೋಗೂದ ಬಿಡತಾನ. ನನಗ ಗೊತ್ತೈತಿ."

ಆ ಭಾನುವಾರ ನಾನು ತಿಕೋಟಾಕ್ಕೆ ಹೋದೆ. ಅಕ್ಕ ಜೋಳ ಕೇರುತ್ತಿದ್ದಳು. ನಾನು ಬಂದ ಕಾರಣ ಅವಳಿಗೆ ಗೊತ್ತಿತ್ತು.

"ನೀ ಪೇಪರಿನಾಂವ" ಎಂದಳು. "ಕೇಳಾಕ ಬಂದಿಯೇನು, ಹೇಳಾಕ ಬಂದಿಯೇನು?"

"ಕೇಳಾಕ."

"ಕೇಳು ಮತ್ತ."

"ಗಿಡಾ ಸಾಯೂದಿಲ್ಲಂತ. ತಿರುಗಿ ಚಿಗರತೈತಂತ."

"ನನಗೂ ಗೊತ್ತೈತಿ. ನಾನೂ ಒಕ್ಕಲಿಗರ ಮನಿಯಾಕಿನ."

ಮೊರದಲ್ಲಿದ್ದ ಕಲ್ಲನ್ನು ಆರಿಸಿ ಎಸೆದಳು. ನಾನು ಜೋಳಿಗೆ ಕಟ್ಟುತ್ತಿದ್ದ ಟೊಂಗೆಯ ಮಾತು ಎತ್ತಿದೆ. ಅದೊಂದನ್ನು ಬಿಟ್ಟು ಕಡಿಯಲು ಹೇಳಬಹುದು ಎಂದೆ. ಅವಳು ಎದ್ದು ಒಳಗೆ ಹೋದಳು. ಸಂಜೆ ಅವಳ ಮಾವ ಹೊಲದಿಂದ ಬಂದು ಕಾಲು ತೊಳೆದುಕೊಳ್ಳುವಾಗ ಬಾಗಿಲಿಗೆ ಬಂದು ನಿಂತಳು.

"ಮಾವಾರ, ಗಿಡಾ ಕಡಸ್ರಿ."

ಅವರು ಚೊಂಬು ಕೆಳಗಿಟ್ಟರು.

"ಕಣ್ಣ ಯಾರ್ಯಾರಿಗೆ ಬೇಕು ಅವರಿಗೆಲ್ಲಾ ಕೊಡ್ರಿ. ಆದ್ರ ಅದರ ಕಾಯಿ ಕರಿಗಂತ ಗಿಡದಿಂದ ಹರೀಬಾರದು. ನಮ್ಮ ಹೊಲದಾಗೂ ಹರೀಬಾರದು, ಒಯ್ದವರ ಹೊಲದಾಗೂ ಹರೀಬಾರದು. ಆ ಮಾತ ಕೊಟ್ಟಾವ್ರಿಗೆ ಮಾತ್ರ ಕೊಡ್ರಿ."

"ಯಾಕವ್ವಾ?"

"ಹೋದ ವರ್ಷ ಅಕೀ ತಲೀ ಮ್ಯಾಲ ಎರದದ್ದು ಆ ಗಿಡದ್ದ."

ಪಕ್ಕದ ಮನೆಯವಳನ್ನು ಅವಳು ಗಿಡದ ಕೆಳಗೆ ಯಾಕೆ ತಡೆದಿದ್ದಳು ಎಂಬುದು ನಮಗೆ ಆಗ ತಿಳಿಯಿತು. ಆ ಗಿಡದ ಹಣ್ಣು ಮತ್ತೊಂದು ಮಗುವಿನ ತಲೆಯ ಮೇಲೆ ಬೀಳಬಾರದು ಎಂದು ಅವಳು ನಿಂತಿದ್ದಳು. ಜ್ವರಕ್ಕೂ ಹಣ್ಣಿಗೂ ಸಂಬಂಧ ಇಲ್ಲ ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ, ಅವಳ ಮಾವ ಕೂಡ ಹೇಳಲಿಲ್ಲ.

"ಆತು" ಎಂದರು ಅವರು. "ಮಾತ ತಗೊಂಡ ಕೊಡತೇನಿ."

"ಯಾಕ ಅಂತ ಯಾರಿಗೂ ಹೇಳಬ್ಯಾಡ್ರಿ."

"ಇಲ್ಲ."

ಕಡಿಯುವ ದಿನ ನಾನೂ ಇದ್ದೆ. ಕಸಿಯವ ಬೆಳಿಗ್ಗೆಯೇ ಬಂದು ಟೊಂಗೆಗಳನ್ನು ಮೋಟು ಮಾಡುತ್ತ ಹೋದ. ಹಗ್ಗದ ಗುರುತಿದ್ದ ಟೊಂಗೆಗೆ ಬಂದಾಗ ನಿಂತ. ಭಾವ ಅವನಿಗೆ ಮೊದಲೇ ಹೇಳಿಟ್ಟಿದ್ದ.

"ಇದೊಂದು ಇರಲಿ" ಎಂದ ಅವನು, ಯಾರ ಮುಖವನ್ನೂ ನೋಡದೆ. "ಗಿಡಕ್ಕ ಉಸರಾಡಾಕ ಒಂದ ಟೊಂಗಿ ಬೇಕಾಗತೈತಿ."

ಅಕ್ಕ ನೀರಿನ ಕೊಡ ಇಳಿಸಿ ಅವನ ಹತ್ತಿರ ಬಂದಳು.

"ಅದನ್ನೂ ಕಡಿ ಯಪ್ಪಾ. ಅದೊಂದ ಉಳೀತಂದ್ರ ನಾ ದಿನಾ ಅದನ್ನ ನೋಡಕೋತ ನಿಂದರಾಕಿ. ಕೆಲಸಾ ಆಗೂದಿಲ್ಲ."

ಅವನು ಕಡಿದ. ಮುಳ್ಳಿನ ಟೊಂಗೆಗಳನ್ನೆಲ್ಲ ಬೇಲಿಗೆ ಹಾಕಿದರು. ಆ ದಪ್ಪ ತುಂಡನ್ನು ಅಕ್ಕನ ಮಾವ ಬೇಲಿಗೂ ಕೊಡಲಿಲ್ಲ, ಒಲೆಗೂ ಕೊಡಲಿಲ್ಲ. ಬಾವಿಯ ದಂಡೆಗೆ ಒರಗಿಸಿ ಇಟ್ಟರು. ಅದು ಅಲ್ಲೇ ಇತ್ತು.

ಬೋಳು ಗಿಡ ಬಿಸಿಲಲ್ಲಿ ನಿಂತದ್ದನ್ನು ನೋಡಿದ ಊರಿನವರು ಅದು ಹೋಯಿತು ಎಂದುಕೊಂಡರು. ಕೆಲವೇ ವಾರಗಳಲ್ಲಿ ಮೋಟುಗಳ ಸುತ್ತ ಕೆಂಪು ಚಿಗುರು ಬಂತು. ಮೊದಲ ಮಳೆಯ ಮುಂಚೆ ಕಸಿಯವ ಬಂದು ಸಾಲುಗಿಡಗಳಿಗೆ ಬಳೆ ತೊಡಿಸಿದ. ಎಲ್ಲವೂ ಕೂಡಲಿಲ್ಲ. ಕೂಡದವಕ್ಕೆ ಮರುವರ್ಷ ಮತ್ತೆ ಮಾಡಿದ. ಅಕ್ಕನ ಮಾವ ಸಾಲನ್ನು ಕೀಳುವ ಮಾತು ಆಮೇಲೆ ಆಡಲಿಲ್ಲ.

ಅರವತ್ತರ ದಶಕ ಹಿಡಿದ ಮೇಲೆ ಆ ಸಾಲುಗಳು ಕಾಯಿ ಬಿಟ್ಟವು. ಬೂದಿರೋಗ ಸುತ್ತಲ ಹೊಲಗಳಿಗೂ ಹಬ್ಬಿತ್ತು. ಜನ ಕಣ್ಣು ಕೇಳಲು ಬಂದರು. ಅಕ್ಕನ ಮಾವ ಒಬ್ಬೊಬ್ಬರಿಂದಲೂ ಮಾತು ತೆಗೆದುಕೊಂಡು ಕೊಟ್ಟರು. ಕಸಿಯವ ಅದನ್ನು ಬಬಲೇಶ್ವರಕ್ಕೆ ಒಯ್ದ, ಇಟ್ಟಂಗಿಹಾಳಕ್ಕೆ, ಭೂತನಾಳ ಕೆರೆಯ ಹಿಂದಿನ ಹೊಲಗಳಿಗೆ ಒಯ್ದ. ಕಾರಣ ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಸ್ವಭಾವ ಅವನದಲ್ಲ. ಕೇಳಿದವರಿಗೆ ಒಂದೊಂದು ಊರಲ್ಲಿ ಒಂದೊಂದು ಹೇಳುತ್ತಿದ್ದ. "ಕರಿಗೆ ಹರದ್ರ ಗಿಡಾ ಮುನಸ್ಕೊಂತೈತಿ, ಮುಂದಿನ ವರ್ಷ ಹೂವ ಬಿಡೂದಿಲ್ಲ" ಎಂದು ಅವನು ಬಬಲೇಶ್ವರದ ಒಬ್ಬರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಇಟ್ಟಂಗಿಹಾಳದಲ್ಲಿ ಒಬ್ಬರು ಮಾತು ಮುರಿದರು. ಸಂಕ್ರಾಂತಿಯ ಪೇಟೆಗೆ ಹಸಿರು ಕಾಯಿ ಇಳಿಸಿ ಕಳುಹಿಸಿದರು. ರುಚಿ ನೋಡಿದವರು ಉಗುಳಿ, ಹಣ್ಣನ್ನು ಬುಟ್ಟಿಗೆ ವಾಪಸು ಹಾಕಿದರು. ಆಮೇಲೆ ಯಾರಿಗೂ ಮಾತು ನೆನಪಿಸುವ ಅಗತ್ಯ ಬೀಳಲಿಲ್ಲ. ಕಾದವರ ಹಣ್ಣು ಶಿವರಾತ್ರಿಯ ಉಪವಾಸಕ್ಕೆ ಪೇಟೆಗೆ ಬಂತು. ಪೇಟೆಯಲ್ಲಿ ಬಾರಿಹಣ್ಣಿಗೆ ಎರಡನೆಯ ವಾರ ಹುಟ್ಟಿದ್ದು ಹೀಗೆ.

ನಮ್ಮ ಪತ್ರಿಕೆಯಲ್ಲಿ ಅದರ ಬಗ್ಗೆ ಒಂದು ಸಣ್ಣ ಸುದ್ದಿ ಬರೆದೆ. ಬೂದಿರೋಗ ಹತ್ತದ, ತಡವಾಗಿ ಹಣ್ಣಾಗುವ ಬಾರಿ. ಸಂಕ್ರಾಂತಿಗೆ ಕೀಳಬಾರದು, ಶಿವರಾತ್ರಿಯವರೆಗೆ ಕಾಯಬೇಕು. ಸಂಪಾದಕರು "ಕೀಳಬಾರದು ಯಾಕೆ?" ಎಂದು ಅಂಚಿನಲ್ಲಿ ಕೇಳಿದರು. "ಒಗರು ಇರುತ್ತದೆ" ಎಂದು ಸೇರಿಸಿದೆ. ಅದು ನಿಜವೇ ಆಗಿತ್ತು.

ಅಕ್ಕನಿಗೆ ಆಮೇಲೆ ಮಗ ಹುಟ್ಟಿದ. ಅವನ ಮೊದಲ ಕರಿ ಹತ್ತಿರ ಬಂದಾಗ ಅವಳು ಎರೆಯುವುದಿಲ್ಲ ಎಂದು ಹೇಳಿದ್ದಾಳೆ ಎಂದು ಭಾವ ತಿಳಿಸಿದ. ಯಾರೂ ಬಲವಂತ ಮಾಡಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಅಕ್ಕನೇ ವಿಜಾಪುರಕ್ಕೆ ಬರುವವರೊಬ್ಬರ ಕೈಯಲ್ಲಿ ಹೇಳಿ ಕಳುಹಿಸಿದಳು: ಬರುವಾಗ ಪೇಟೆಯಿಂದ ಬಾರಿಹಣ್ಣು ತಗೊಂಡು ಬಾ, ಯಾವ ಗಿಡದ್ದು ಎಂದು ಕೇಳಿ ತಗೋ.

ಪೇಟೆಯಲ್ಲಿ ಒಬ್ಬ ಮುದುಕಿ ಕೆಂಪು ಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದಳು. ಇದು ಶಿವರಾತ್ರಿಗೆ ಬರುವ ಜಾತಿಯದೇ ಎಂದು ಕೇಳಿದೆ. ಅವಳಿಗೆ ಸಿಟ್ಟು ಬಂತು.

"ಅದನ್ನ ಯಾರರೆ ಕರಿಗೆ ಹರೀತಾರೇನೋ? ಯಾವ ಊರಾಂವ ನೀನು?"

"ಯಾಕ ಹರೀಬಾರದಬೇ?"

"ಹರೀಬಾರದು. ಹಂಗ ಐತಿ. ಕೂಸಿನ ಮ್ಯಾಲ ಹಾಕೂದಲ್ಲ ಅದು. ತಗೊಳ್ಳಾವ ಇದ್ರ ತಗೋ, ಹಿಂದ ಮಂದಿ ನಿಂತೈತಿ."

ಅವಳ ಹೊಲ ಯಾವುದು ಎಂದು ಕೇಳಿದೆ. ಭೂತನಾಳದ ಕಡೆಯವಳು. ತಿಕೋಟಾವನ್ನು ಅವಳು ನೋಡಿರಲಿಲ್ಲ.

ಕರಿಯ ಸಂಜೆ ಅಕ್ಕನ ಮನೆಯ ಅಂಗಳದಲ್ಲಿ ಮಣೆ ಹಾಕಿತ್ತು. ಓಣಿಯ ಮಕ್ಕಳು ಆಗಲೇ ಸೇರಿದ್ದರು. ಪಕ್ಕದ ಮನೆಯವಳೂ ಬಂದು ಕಂಬದ ಹತ್ತಿರ ನಿಂತಿದ್ದಳು. ಅಕ್ಕ ಚೀಲ ಬಿಚ್ಚಿ ಹಣ್ಣು ಮೊರಕ್ಕೆ ಸುರಿದುಕೊಂಡಳು. ಒಂದನ್ನು ಎತ್ತಿ ನೋಡಿದಳು.

"ಕೇಳಿ ತಂದಿಯೇನು?"

ಮುದುಕಿ ಹೇಳಿದ್ದನ್ನು ಹೇಳಿದೆ. ಅಕ್ಕ ಮಾತು ಮುಗಿಯುವವರೆಗೂ ಮೊರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಯಾಕ ಅಂತ ಅಕಿಗೆ ಗೊತ್ತೈತೇನು?"

"ಇಲ್ಲ. ಹಂಗ ಐತಿ ಅಂದಳು."

"ಕೂಸಿನ ಮ್ಯಾಲ ಹಾಕೂದಲ್ಲ ಅಂದಳು?"

"ಹೌದು."

ಅಕ್ಕ ಪಕ್ಕದ ಮನೆಯವಳನ್ನು ಕರೆದಳು. "ಬಾ, ನೀ ಒಂದು ಕಡೆ ಹಿಡಿ." ಅವಳು ಬಂದು ಮೊರದ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ಮೆಲ್ಲಗೆ ಬಾಗಿಸಿದರು. ಹಣ್ಣು ಮಗುವಿನ ತಲೆ, ಹೆಗಲು, ಹೊಸ ಅಂಗಿಯ ಮೇಲಿಂದ ಉರುಳಿ ಅಂಗಳಕ್ಕೆಲ್ಲ ಹರಡಿತು. ಮಗು ಒಂದು ಹಣ್ಣನ್ನು ಹಿಡಿದುಕೊಂಡು ಸುತ್ತ ಬಿದ್ದು ಹೊರಳಾಡುತ್ತಿದ್ದ ಮಕ್ಕಳನ್ನು ನೋಡುತ್ತ ಕುಳಿತಿತ್ತು. ಅಕ್ಕ ಮೊರ ಖಾಲಿಯಾದ ಮೇಲೂ ಅದನ್ನು ಅವನ ತಲೆಯ ಮೇಲೆ ಹಿಡಿದುಕೊಂಡೇ ನಿಂತಿದ್ದಳು.